ಅಮ್ಮನ ಕರಡಿಗೆಯ ಬೆಳ್ಳಿ

ಫೆಬ್ರವರಿ 3, 2025. ಸೋಮವಾರ, ಮಧ್ಯಾಹ್ನ 2

ಗಿರಣಿ ಶುರುವಾಯಿತು. ಇನ್ನು ನಾಲ್ಕರವರೆಗೆ ಕಲ್ಲು ಕೂರಿಸುವ ಕೆಲಸ ಬಂದ್. ಕೆಳಗೆ ಅವರು ಹಿಟ್ಟು ಬೀಸಿದರೆ ಮೇಲೆ ನನ್ನ ಮೇಜು ನಡುಗುತ್ತದೆ. ತಟ್ಟೆಯಲ್ಲಿರುವ ಮಣಿಗಳು ಸರಿದು ಸರಿದು ಒಂದು ಮೂಲೆಯಲ್ಲಿ ಗುಂಪಾಗುತ್ತವೆ. ನೀಲಿ ಮೊದಲು, ಆಮೇಲೆ ಹಸಿರು. ನೀಲಿಯೇ ಯಾಕೆ ಮೊದಲು? ವರ್ಷಗಳಿಂದ ನೋಡುತ್ತಿದ್ದೇನೆ, ಗೊತ್ತಾಗಿಲ್ಲ. ಇವತ್ತೂ ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನೋಡಿದೆ. ಇದನ್ನು ಕೆಲಸ ಎನ್ನಬೇಕೋ ಸೋಮಾರಿತನ ಎನ್ನಬೇಕೋ... ಹೇಗೂ ಕೇಳುವವರಿಲ್ಲ.

ಬೆಳಿಗ್ಗೆ ಮುಗಿದದ್ದು — ಹಳೇ ಲೇಡೀಸ್ ವಾಚಿನ ಡಯಲ್‌ಗಳಿಗೆ ಬೆಳ್ಳಿ ಅಂಚು ಕಟ್ಟಿ ಓಲೆ, ಒಂದು ಜೊತೆ. ಒಂದರಲ್ಲಿ ಹತ್ತೂ ಹತ್ತು, ಇನ್ನೊಂದರಲ್ಲಿ ನಾಲ್ಕೂ ಇಪ್ಪತ್ತು. ಹಾಕಿಕೊಂಡವಳಿಗೆ ಎರಡು ಕಿವಿಯಲ್ಲಿ ಎರಡು ಹೊತ್ತು. ಬಾಕಿ — ಗಾರ್ನೆಟ್ ಉಂಗುರ. ಒಡೆದ ಪಿಂಗಾಣಿ ಬಟ್ಟಲಿನ ಚೂರಿಗೆ ಕಟ್ಟು. ಹೂವಿನ ಎಸಳು ಅರ್ಧಕ್ಕೇ ಮುರಿದಿದೆ, ಅದೇ ಚಂದ.

ಮಣಿ ಪೋಣಿಸಲು ಬರುವ ತಾಯಮ್ಮ ಅಡುಗೆಮನೆಯಲ್ಲಿ ಮೊಟ್ಟೆ ನೋಡಿಬಿಟ್ಟಳು. ಬೇಯಿಸಿದ ಮೊಟ್ಟೆಯ ಜೊತೆ ಬೆಳ್ಳಿಯನ್ನು ಡಬ್ಬದಲ್ಲಿ ಮುಚ್ಚಿಟ್ಟರೆ ಒಂದು ದಿನದಲ್ಲಿ ಕಪ್ಪು ಹಿಡಿಯುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ಅದನ್ನು ಅವಳಿಗೆ ಯಾರು ಹೇಳಬೇಕು.

"ಲಿಂಗ ಕಟ್ಟಿದ ಮನಿಯಾಗೆ ಇದೇನವ್ವಾ ನೀಲಾ!"

"ತಿನ್ನಾಕಲ್ಲ ತಾಯಮ್ಮ. ಓಲೆ ಕಪ್ಪು ಮಾಡಾಕೆ."

"ಹೂಂ, ಎಲ್ರೂ ಹಂಗೇ ಶುರು ಮಾಡಾದು."

ನಾಳೆಯೊಳಗೆ ಶಿಕಾರಿಪುರದ ಅರ್ಧ ಊರಿಗೆ ಗೊತ್ತಾಗುತ್ತದೆ.


ಫೆಬ್ರವರಿ 5, ಬುಧವಾರ

ಸೊರಬದಿಂದ ಅಕ್ಕನ ಫೋನು. ಬಿಂದು ಮದುವೆ ಗಟ್ಟಿಯಾಯಿತಂತೆ. ಏಪ್ರಿಲ್ ಇಪ್ಪತ್ತು. ಹುಡುಗ ಚಂದ್ರಗುತ್ತಿ ಕಡೆಯವನು, ಮಹಾಂತೇಶ್, ಪಶು ಆಸ್ಪತ್ರೆಯಲ್ಲಿ ಕೆಲಸ. ಬಿಂದುಶ್ರೀ! ಮೊನ್ನೆ ಮೊನ್ನೆ ನನ್ನ ಮಣಿ ಡಬ್ಬ ಕವಿಚಿ ಹಾಕಿ ತಾನೇ ಅತ್ತವಳು. ಅಕ್ಕನಿಗೆ ಇರುವುದು ಅವಳೊಬ್ಬಳೇ. ನನಗೂ ಅವಳೊಬ್ಬಳೇ ಅನ್ನಬೇಕು.

ಖುಷಿಯಾಗಿ ಕುಣಿಯುವಷ್ಟರಲ್ಲಿ ಅಕ್ಕ ಶುರು ಮಾಡಿದಳು.

"ಮದುವೆಗೆ ಎರಡು ದಿನ ಮುಂಚೆ ಅಯ್ನೋರ ಕೈಯಲ್ಲಿ ಲಿಂಗದೀಕ್ಷೆ. ಲಿಂಗ ಇಡೋ ಕರಡಿಗೆ ನೀನೇ ಮಾಡ್ಬೇಕು ಕಣೇ. ಅಂಗಡೀದು ನಂಗೆ ಬ್ಯಾಡ. ಅಮ್ಮಂದು ಹೆಂಗಿತ್ತೋ ಹಂಗೇ ಮಾಡು. ಅದಂತೂ ಅಮ್ಮನ ಜೊತೆ ಮಣ್ಣಿಗೆ ಹೋತು. ನೀ ದಿನಾ ನೋಡಿದೀಯ, ನಿನ್ನ ಕೈಗೆ ಗೊತ್ತಿರ್ತೈತೆ."

"ಆಯ್ತಕ್ಕ."

"ಎಂತಕ್ಕೆ ದನಿ ಹಂಗೈತೆ? ನೆಗಡಿಯಾ?"

"ಗಿರಣಿ ಧೂಳು."

ಕೈ ಕೊರಳಿಗೆ ಹೋಗಿತ್ತು. ಪದಕ ಹಿಡಿದುಕೊಂಡೇ ಮಾತಾಡಿದ್ದೆ.


ಫೆಬ್ರವರಿ 6, ಗುರುವಾರ, ಬೆಳಿಗ್ಗೆ

ಬರೆದುಬಿಡುತ್ತೇನೆ. ಇದುವರೆಗೆ ಇಲ್ಲಿಯೂ ಬರೆದಿಲ್ಲ.

ಅಮ್ಮನ ಕರಡಿಗೆ ಮಣ್ಣಿಗೆ ಹೋಗಲಿಲ್ಲ.

ಹೋದದ್ದು ಲಿಂಗ ಮಾತ್ರ. ಹನ್ನೊಂದು ವರ್ಷದ ಹಿಂದೆ ಅಮ್ಮನನ್ನು ಸಮಾಧಿಯಲ್ಲಿ ಕೂರಿಸಿ, ಅವಳ ಕೊರಳಿನ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟರು ಅಯ್ಯನವರು. ಖಾಲಿ ಕರಡಿಗೆಯನ್ನು ಹಿಂದಕ್ಕೆ ಚಾಚಿದರು. ಹತ್ತಿರ ಇದ್ದವಳು ನಾನು. ಸೆರಗಿಗೆ ಕಟ್ಟಿಕೊಂಡೆ. ಅಕ್ಕ ಅಳುತ್ತಾ ಹೆಂಗಸರ ಗುಂಪಿನಲ್ಲಿ ಹಿಂದೆ ಇದ್ದಳು, ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಶಿರಾಳಕೊಪ್ಪದಲ್ಲಿ ಸಣ್ಣಪ್ಪಜ್ಜನ ಹತ್ತಿರ ಕೆಲಸ ಕಲಿಯಲು ಕೂತೆ. ಅಜ್ಜ ಆಚಾರಿಗಳ ಪೈಕಿ, ನಾಲ್ಕು ತಲೆಮಾರಿನ ಬೆಳ್ಳಿ ಕೆಲಸ. ಅವರದೊಂದು ಪದ್ಧತಿ. ಕಲಿಯುವವರು ಮೊದಲ ವಸ್ತುವನ್ನು ತಮ್ಮ ಮನೆಯ ಬೆಳ್ಳಿಯಲ್ಲೇ ಮಾಡಬೇಕು. ಬೇರೆಯವರ ಬೆಳ್ಳಿ ಆದರೆ ಕೈ ಹೆದರುತ್ತದಂತೆ. ಆಗ ನಾನು ಮೂವತ್ತೆರಡರ ಹೆಣ್ಣು, ಮದುವೆಯಿಲ್ಲ, ಝೆರಾಕ್ಸ್ ಅಂಗಡಿಯ ಕೆಲಸ ಬಿಟ್ಟಿದ್ದೆ. ಮನೆಯಲ್ಲಿ ಬೆಳ್ಳಿ ಅಂತ ಇದ್ದದ್ದು ಅದೊಂದೇ; ನನ್ನ ಲಿಂಗಕ್ಕೆ ಬಟ್ಟೆಯ ಚೀಲ.

ಖಾಲಿಯಾದದ್ದು ತಾನೇ, ಅಂದುಕೊಂಡೆ.

ಅದರ ಆಕಾರ ನೋಡಿದರೆ ಅಜ್ಜನಿಗೆ ಗೊತ್ತಾಗುತ್ತದೆ ಅಂತ ಮನೆಯಲ್ಲೇ ಒಳಕಲ್ಲಿನ ಗುಂಡಿನಿಂದ ಜಜ್ಜಿ ಚಪ್ಪಟೆ ಮಾಡಿಕೊಂಡು ಹೋದೆ. ಬರೆಯುವಾಗ ಈಗಲೂ ಆ ಸದ್ದು ಕೇಳುತ್ತದೆ. ಕಲ್ಲಿನ ಸದ್ದಲ್ಲ, ಬೆಳ್ಳಿಯ ಸದ್ದು. ಬಡಪಾಯಿ ಸದ್ದು.

ಅದರಿಂದ ಆದದ್ದು ಈ ಪದಕ, ಅದರ ಸರಪಣಿ. ನಡುವೆ ಮೂನ್‌ಸ್ಟೋನ್. ನನ್ನ ಮೊದಲ ಕೆಲಸ. ಅಂದಿನಿಂದ ಕೊರಳಿನಿಂದ ತೆಗೆದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಜನ ಕೇಳಿದರು, ಇದೇ ಬೇಕು ಅಂತ. ಕೊಡಲಿಲ್ಲ.

ವರ್ಷದ ಪೂಜೆಗೆ ಬಂದಾಗ ಅಕ್ಕ ಕೇಳಿದಳು, ಅಮ್ಮನ ಕರಡಿಗೆ ಎಲ್ಲೇ, ಬಿಂದುಗೆ ಮುಂದೆ ಬೇಕಾಗುತ್ತದೆ. ಬಾಯಿಗೆ ಬಂದದ್ದು ಹೇಳಿದೆ — ಲಿಂಗದ ಜೊತೆ ಅದೂ ಹೋಯಿತು. ಅಕ್ಕ ತಲೆ ಆಡಿಸಿದಳು. ಹೋಗಲಿ ಬಿಡು, ಅಮ್ಮನ ಹತ್ತಿರವೇ ಇರಲಿ ಅಂದಳು. ಅಷ್ಟು ಸಲೀಸಾಗಿ ನಂಬಿದ್ದು ನೋಡಿ ನನಗೇ ಸಿಟ್ಟು ಬಂದಿತ್ತು.


ಫೆಬ್ರವರಿ 8, ಶನಿವಾರ

ಯೋಚನೆ ಒಂದು: ಹೊಸ ಬೆಳ್ಳಿ ತಂದು ಮಾಡಿಕೊಡು. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಯೋಚನೆ ಎರಡು: ಪದಕ ಕರಗಿಸಿ ಅದೇ ಬೆಳ್ಳಿಯಲ್ಲಿ ಮಾಡು. ಅಮ್ಮನದು ಅಮ್ಮನ ಮೊಮ್ಮಗಳಿಗೆ ಹೋಗುತ್ತದೆ. ಆಗಲೂ ಯಾರಿಗೂ ಗೊತ್ತಾಗುವುದಿಲ್ಲ.

ಯೋಚನೆ ಮೂರು: ಅಕ್ಕನಿಗೆ ಹೇಳು.

ಮೂರನೆಯದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಹೇಳಿದರೆ ಅಕ್ಕ ಹೋಗುತ್ತಾಳೆ. ಅವಳು ಕೂಗಾಡುವವಳಲ್ಲ. ಸುಮ್ಮನೆ ಎದ್ದು ಹೋಗುತ್ತಾಳೆ, ಆಮೇಲೆ ಫೋನು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ 'ತಿಂಡಿ ಏನೇ' ಅಂತ ಕೇಳುವವರು ನನಗೆ ಪ್ರಪಂಚದಲ್ಲಿ ಬೇರೆ ಯಾರಿದ್ದಾರೆ?

ಎರಡನೆಯದೇ ಸರಿ. ಜಾಣತನ ಎಂದರೆ ಇದು.


ಫೆಬ್ರವರಿ 12, ಬುಧವಾರ

ಶಿರಾಳಕೊಪ್ಪ. ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ತಾಳಗುಂದದ ಹತ್ತಿರ ರಸ್ತೆಯ ಅರ್ಧ ಭಾಗಕ್ಕೆ ಮೆಕ್ಕೆಜೋಳ ಹರವಿದ್ದರು. ಬಿಸಿಲಿಗೆ ಪದಕದ ಕಲ್ಲು ಎದುರಿನ ಸೀಟಿನ ಬೆನ್ನಿಗೆ ಒಂದು ನೀಲಿ ಚುಕ್ಕೆ ಬಿಟ್ಟಿತ್ತು. ಬಸ್ಸು ತಿರುಗಿದಂತೆ ಚುಕ್ಕೆಯೂ ನಡೆಯಿತು. ಎದುರು ಕೂತ ಅಜ್ಜಿಯ ಭುಜದ ಮೇಲೆ, ಮಗುವಿನ ಕೆನ್ನೆಯ ಮೇಲೆ. ಇಳಿಯುವ ಸ್ಟಾಪ್ ದಾಟಿಬಿಟ್ಟೆ. ವಾಪಸ್ ನಡೆದೆ.

ಸಣ್ಣಪ್ಪಜ್ಜನಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಬೇಡವಂತೆ. "ಎಲ್ಲಾ ನೋಡಿ ಆಗೈತಲ್ಲವ್ವಾ" ಅಂತಾರೆ. ಕೆಲಸ ಬಿಟ್ಟು ಮೂರು ವರ್ಷ. ಆದರೂ ಬೆಳ್ಳಿ ಬಡಿಯುವ ಅಡೆಗಲ್ಲಿನ ಮುಂದೆಯೇ ಕೂತಿರುತ್ತಾರೆ.

ಕರಡಿಗೆ ಮಾಡಲು ಕಲಿಸಿ ಅಂದೆ. ಓಲೆ ಉಂಗುರದ ಹಾಗಲ್ಲ ಅದು. ತಗಡನ್ನು ಮರದ ಗುಳಿಯಲ್ಲಿ ಹಾಕಿ ಬಡಿದು ಬಡಿದು ಬಟ್ಟಲು ಮಾಡಬೇಕು. ಎರಡು ಬಟ್ಟಲು, ಒಂದರ ಬಾಯಲ್ಲಿ ಇನ್ನೊಂದರ ಬಾಯಿ ಕೂರಬೇಕು. ಎರಡು ಬದಿಗೆ ದಾರ ಕಟ್ಟುವ ಮೂತಿ. ಮುಚ್ಚಿದರೆ ಸಂದು ಕಾಣಬಾರದು.

"ಬೆಳ್ಳಿ?"

ಪದಕ ತೆಗೆದು ಅವರ ಕೈಗಿಟ್ಟೆ. ಬೆರಳಿನಲ್ಲೇ ಗುರುತು ಹಿಡಿದರು. "ಇದು ನಿನ್ನ ಮೊದಲ್ನೇ ಕೆಲಸ ಅಲ್ಲೇನು? ಇದನ್ನ ಯಾಕೆ ಮುರಿತೀಯವ್ವಾ?"

"ಮನೆ ಬೆಳ್ಳಿ ಅಲ್ವಾ ಅಜ್ಜ. ಮನೆಗೇ ಹೋಗ್ಲಿ ಅಂತ."

ಅಜ್ಜ ಬಹಳ ಹೊತ್ತು ಪದಕದ ಹಿಂಬದಿ ಸವರಿದರು. ಅಲ್ಲಿ ನನ್ನ ಮೊದಲ ಬೆಸುಗೆಯ ಗಂಟು ಇದೆ, ನೋಡಲು ಅಸಹ್ಯ. "ಇದಕ್ಕೆ ಅರ ಹಾಕಿದ್ದ ಪುಡಿ ಇಟ್ಟೀಯಾ?" ಅಂದರು. ಪ್ರತಿ ಕೆಲಸದ ಪುಡಿಯನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿಡು ಅಂತ ಕಲಿಸಿದವರು ಅವರೇ. ಇಟ್ಟಿದ್ದೇನೆ. ಹನ್ನೊಂದು ವರ್ಷದ ಪೊಟ್ಟಣ. "ಅದನ್ನೂ ಹಾಕು. ಒಂದು ಚೂರೂ ಹೊರಗುಳೀಬಾರ್ದು."

ಯಾಕೆ ಹಾಗೆ ಹೇಳಿದರೋ. ಅವರಿಗೆ ಗೊತ್ತಿರಲಾರದು. ಗೊತ್ತಿದ್ದರೂ ಹೇಳುವವರಲ್ಲ.


ಫೆಬ್ರವರಿ 26, ಬುಧವಾರ. ಶಿವರಾತ್ರಿ

ಉಪವಾಸ. ಬೆಂಕಿ ಕೆಲಸ ಇಲ್ಲ. ನನ್ನ ಲಿಂಗ ತೆಗೆದು ಪೂಜೆ ಮಾಡಿದೆ, ವಿಭೂತಿ ಹಚ್ಚಿದೆ, ಅಂಗೈಯಲ್ಲಿ ಇಟ್ಟು ನೋಡುತ್ತಾ ಕೂತೆ. ಮನಸ್ಸು ನಿಲ್ಲಲಿಲ್ಲ.

ಮಧ್ಯಾಹ್ನ ಚಾಪೆಯ ಮೇಲೆ ಕಣ್ಣು ಹತ್ತಿತು. ಕನಸು. ಅಮ್ಮ ಕೆಳಗೆ ಗಿರಣಿಯಲ್ಲಿ ಸರದಿಗೆ ಕೂತಿದ್ದಾಳೆ. ಮೈಯೆಲ್ಲ ಹಿಟ್ಟು, ಹುಬ್ಬು ಕೂಡ ಬೆಳ್ಳಗೆ. ಎಡಗೈ ಮುಂದೆ ಚಾಚಿದ್ದಾಳೆ. ಅಂಗೈಯಲ್ಲಿ ಲಿಂಗ. ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದಾಳೆ — "ಇದನ್ನ ಎಲ್ಲಿಡ್ಲಿ?" ಸಿಟ್ಟಿನಿಂದ ಅಲ್ಲ. ಕೊಡೆ ಎಲ್ಲಿಡಲಿ ಅಂತ ನೆಂಟರ ಮನೆಯಲ್ಲಿ ಕೇಳುತ್ತಾರಲ್ಲ, ಹಾಗೆ.

ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ, ಬಾಯಿ ಒಣಗಿತ್ತು. ನೀರು ಕುಡಿಯಬಹುದೋ ಬಾರದೋ ಅಂತ ಯೋಚಿಸುತ್ತಾ ಕುಡಿದುಬಿಟ್ಟೆ.


ಮಾರ್ಚ್ 5, ಬುಧವಾರ, ಸಂಜೆ

ಕರಗಿಸಿದೆ.

ಮೊದಲು ಕಲ್ಲು ಬಿಡಿಸಿದೆ. ಬೆಂಕಿ ತಾಗಿದರೆ ಮೂನ್‌ಸ್ಟೋನ್ ಸೀಳುತ್ತದೆ. ಸುತ್ತಿನ ಪಟ್ಟಿಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಸಾಕಾಯಿತು, ತಾನೇ ಅಂಗೈಗೆ ಉರುಳಿತು. ಅಡಿಯಲ್ಲಿ ಹನ್ನೊಂದು ವರ್ಷದ ನನ್ನ ಬೆವರಿನ ಕೊಳೆ. ತೊಳೆದು ಹತ್ತಿಯಲ್ಲಿ ಸುತ್ತಿ ಇಟ್ಟೆ.

ಕಿಟಕಿ ಬಾಗಿಲು ಎಲ್ಲ ಮುಚ್ಚಿದೆ. ಬೆಳಕು ಇದ್ದರೆ ಬೆಳ್ಳಿಯ ಬಣ್ಣ ಗೊತ್ತಾಗುವುದಿಲ್ಲ, ಹದ ತಪ್ಪುತ್ತದೆ. ಹೊರಗೆ ಎಷ್ಟೇ ಉರಿಬಿಸಿಲು ಇರಲಿ, ಈ ಕೋಣೆಯಲ್ಲಿ ಕರಗಿಸುವ ಹೊತ್ತು ಯಾವಾಗಲೂ ಮುಸ್ಸಂಜೆ. ಮೂಸೆಯಲ್ಲಿ ಪದಕ, ಸರಪಣಿ, ಪುಡಿಯ ಪೊಟ್ಟಣ. ಒಂದು ಚಿಟಿಕೆ ಬಿಳಿಗಾರ. ಟಾರ್ಚ್ ಹಚ್ಚಿದೆ.

ಮೊದಲು ಕಪ್ಪಾಯಿತು. ಆಮೇಲೆ ನಸುಗೆಂಪು. ಸರಪಣಿಯ ಕೊಂಡಿಗಳು ಒಂದಕ್ಕೊಂದು ಒರಗಿ ನಿದ್ದೆ ಹೋದವು. ಪದಕದ ಅಂಚು ಕುಸಿಯಿತು. ಆಮೇಲೆ ಒಮ್ಮೆಗೇ — ಎಷ್ಟು ಸಲ ನೋಡಿದರೂ ಇಲ್ಲಿ ನಾನು ಉಸಿರು ಹಿಡಿಯುತ್ತೇನೆ — ಎಲ್ಲ ಸೇರಿ ಒಂದು ಗುಂಡು. ನಡುಗುವ, ಹೊಳೆಯುವ, ನೀರಿನಂಥ ಗುಂಡು. ಅದರಲ್ಲಿ ಉರಿ ಕಂಡಿತು, ನನ್ನ ಮೂಗು ಕಂಡಿತು.

ತೂಕ, ಅಂದು ಜಜ್ಜಿ ಒಯ್ದದ್ದಕ್ಕಿಂತ ಎರಡು ಗ್ರಾಂ ಕಡಿಮೆ. ಆ ಎರಡು ಗ್ರಾಂ ಎಲ್ಲಿ ಹೋಯಿತು? ನನ್ನ ಚರ್ಮಕ್ಕೆ ಸವೆದಿರಬೇಕು. ಬೇರೆ ಬೆಳ್ಳಿ ಸೇರಿಸಲು ಮನಸ್ಸು ಬರಲಿಲ್ಲ.

ಕೊರಳು ಹಗುರ. ಪದಕವಿದ್ದ ಕಡೆ ಚರ್ಮ ಬೆಳ್ಳಗಿದೆ, ಅದರದೇ ಆಕಾರದಲ್ಲಿ.


ಮಾರ್ಚ್ 9, ಭಾನುವಾರ

ಮೊದಲ ಬಟ್ಟಲು ಸೀಳಿತು. ತಗಡಿನಲ್ಲಿ ಹಳೇ ಬೆಸುಗೆಯ ಸತುವು ಸೇರಿಕೊಂಡಿದೆ, ಬಡಿದರೆ ಅಂಚು ಬಿಡುತ್ತದೆ. ಮತ್ತೆ ಕರಗಿಸು. ಮತ್ತೆ ಗಟ್ಟಿ, ಮತ್ತೆ ತಗಡು.

ಅಕ್ಕನ ಫೋನು, ಎಂಟಕ್ಕೆ ಸರಿಯಾಗಿ. "ತಿಂಡಿ ಏನೇ?" "ಅವಲಕ್ಕಿ." "ಕರಡಿಗೆ?" "ಆಗ್ತಿದೆ." "ಅವಸರ ಮಾಡಬ್ಯಾಡ. ಅಮ್ಮಂದು ಕೈಗೆ ತಣ್ಣಗೆ ಇರ್ತಿತ್ತು, ನೆನಪೈತಾ?"

ನೆನಪಿದೆ ಅಕ್ಕ.


ಮಾರ್ಚ್ 15, ಶನಿವಾರ

ಮತ್ತೆ ಸೀಳಿತು. ಅಜ್ಜನ ಹತ್ತಿರ ಓಡಿದೆ. ಅಜ್ಜ ತಗಡನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು. "ಇದಿನ್ನೂ ಸಿಟ್ನಾಗೈತಿ. ಹತ್ತು ಏಟಿಗೊಂದ್ ಸಲ ಕಾಯ್ಸು. ನೀ ಮೂವತ್ತು ಹಾಕ್ತೀಯ, ನಂಗೊತ್ತು. ಕೆಲಸ ಮಾಡೋವಾಗ ಎಲ್ಲೆಲ್ಲೋ ಇರ್ತೀಯಲ್ಲ."

ಹೌದು. ಏಟು ಎಣಿಸುವುದಿಲ್ಲ ನಾನು. ಬಡಿಯುವ ಸದ್ದಿನ ಜೊತೆ ಎಲ್ಲೆಲ್ಲೋ ಹೋಗಿಬಿಡುತ್ತೇನೆ. ಇವತ್ತಿನಿಂದ ಬಾಯಿಬಿಟ್ಟು ಎಣಿಸುತ್ತಿದ್ದೇನೆ. ಒಂದು, ಎರಡು, ಮೂರು. ತಾಯಮ್ಮ ಮಣಿ ಪೋಣಿಸುತ್ತಾ ತಾನೂ ಎಣಿಸಿದಳು. ಎಂಟಾದ ಮೇಲೆ ಅವಳಿಗೆ ಮಾತು ನೆನಪಾಗುತ್ತದೆ.


ಮಾರ್ಚ್ 24, ಸೋಮವಾರ

ಆಯಿತು.

ಎರಡು ಬಟ್ಟಲು. ಮುಚ್ಚಿದರೆ 'ಟಕ್'. ಆ ಸದ್ದು ಬರಲು ನಾಲ್ಕು ದಿನ ಬಟ್ಟಲುಗಳ ಬಾಯಿ ಉಜ್ಜಿದೆ. ಅಮ್ಮ ಬೆಳಿಗ್ಗೆ ಪೂಜೆ ಮುಗಿಸಿ ಮುಚ್ಚುವಾಗ ಬರುತ್ತಿದ್ದ ಸದ್ದು. ಆ ಸದ್ದು ಕೇಳಿದ ಮೇಲೆಯೇ ನಮಗೆ ತಿಂಡಿ. ಈಗಲೂ ಕೇಳಿದ ಕೂಡಲೇ ಹಸಿವಾಯಿತು ನನಗೆ.

ಅಂಟುವಾಳಕಾಯಿ ನೊರೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ನೋಡಿದೆ — ಮೇಲಿನ ಬಟ್ಟಲಿನ ಎಡಬದಿಗೆ ಒಂದು ನೆಗ್ಗು. ಬೆರಳ ತುದಿಯಷ್ಟು. ಯಾವಾಗ ಬಿತ್ತು? ಆಮೇಲೆ ಗೊತ್ತಾಯಿತು. ಬಿದ್ದದ್ದಲ್ಲ. ನಾನೇ ಹಾಕಿದ್ದು. ಅಮ್ಮನದರಲ್ಲಿ ಅಲ್ಲೇ ಇತ್ತು. ನಾಲ್ಕು ವರ್ಷದವಳಿದ್ದಾಗ ಆಟದ ಸಾರು ಮಾಡಲು ಅದರ ಮುಚ್ಚಳ ಕದ್ದು ಮೆಟ್ಟಿಲ ಮೇಲೆ ಬೀಳಿಸಿದ್ದೆ. ಅಮ್ಮ ಸರಿ ಮಾಡಿಸಲೇ ಇಲ್ಲ. ಸುತ್ತಿಗೆಯ ಹಿಡಿಯಿಂದ ಒತ್ತಿರಬೇಕು ನಾನು, ಯಾವ ಗುಂಗಿನಲ್ಲೋ. ಎಷ್ಟು ನೆನಪು ಮಾಡಿಕೊಂಡರೂ ಒತ್ತಿದ ನೆನಪಿಲ್ಲ.

ತೆಗೆಯಬಹುದು. ಒಳಗಿನಿಂದ ಎರಡು ಏಟು ಸಾಕು.

ತೆಗೆಯಲಿಲ್ಲ. ಅಜ್ಜನಿಗೆ ತೋರಿಸಿ ಬಂದೆ. ಅಂಗೈಯಲ್ಲಿ ತೂಗಿ ನೋಡಿದರು. "ಇದ್ದದ್ದಕ್ಕಿಂತ ಚೂರು ತೆಳ್ಳಗಾಗೈತಿ, ಅಷ್ಟೇ." ಇದ್ದದ್ದು ಅಂದರೆ ಯಾವುದು ಅಂತ ಕೇಳುವ ಧೈರ್ಯ ಆಗಲಿಲ್ಲ.


ಮಾರ್ಚ್ 31, ಸೋಮವಾರ

ಅಕ್ಕ ಬಂದಿದ್ದಳು. ನಿನ್ನೆಯ ಯುಗಾದಿಯ ಹೋಳಿಗೆ ಸ್ಟೀಲ್ ಡಬ್ಬದ ತುಂಬ. ಮೆಟ್ಟಿಲು ಹತ್ತಿ ಉಸಿರು ಬಿಡುವ ಮುಂಚೆಯೇ, "ಕೊರಳು ಎಂತಕ್ಕೆ ಖಾಲಿ? ಪದಕ ಎಲ್ಲೇ?"

"ಕೊಂಡಿ ಕಿತ್ತೋಗಿದೆ. ರಿಪೇರಿ."

ನೋಡು, ಎಷ್ಟು ಸಲೀಸು. ನಾಲಿಗೆ ಒಂದು ಸಲವೂ ತಡವರಿಸುವುದಿಲ್ಲ.

ಕರಡಿಗೆ ಕೊಟ್ಟೆ. ಕೆಂಪು ಬಟ್ಟೆ ಬಿಚ್ಚಿ ನೋಡಿದಳು. ತೆರೆದಳು, ಮುಚ್ಚಿದಳು. ಟಕ್. ಆ ಸದ್ದಿಗೆ ಅವಳ ಮುಖ ಎತ್ತಲೋ ಹೋಯಿತು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಸುತ್ತ ಸವರಿದಳು. ಎಡಕ್ಕೆ ಬಂದಾಗ ಹೆಬ್ಬೆರಳು ನಿಂತಿತು. ನೆಗ್ಗಿನಲ್ಲಿ ಸರಿಯಾಗಿ ಕೂತಿತು.

ಅಕ್ಕ ಅತ್ತಳು. ಸಣ್ಣ ಹುಡುಗಿಯ ಹಾಗೆ, ಮೂಗು ಸೋರಿಸಿಕೊಂಡು. "ಮಣ್ಣಿಂದ ಎದ್ದು ಬಂದಂಗಾತಲ್ಲೇ ನೀಲಾ... ಹೆಂಗೆ ಮಾಡಿದ್ಯೇ ಇದನ್ನ..." ಕಣ್ಣಿಗೆ ಒತ್ತಿಕೊಂಡಳು. ನನ್ನ ತಲೆ ಸವರಿದಳು. ನಿನ್ನ ಕೈಗೆ ಅಮ್ಮನ ಆಶೀರ್ವಾದ ಐತೆ ಅಂದಳು.

ಅಲ್ಲಿಯವರೆಗೆ ಎಲ್ಲ ನಾನು ಲೆಕ್ಕ ಹಾಕಿದ ಹಾಗೆಯೇ ಆಗಿತ್ತು. ಸುಮ್ಮನೆ ಇದ್ದಿದ್ದರೆ ಆಗಿತ್ತು. ಆಶೀರ್ವಾದ ಅಂದದ್ದು ತಡೆಯಲಾಗಲಿಲ್ಲ.

"ಬೆಳ್ಳಿ ಅಮ್ಮಂದೇ ಅಕ್ಕ. ಮಣ್ಣಿಗೆ ಹೋಗಿರಲಿಲ್ಲ. ನಾನು ಕರಗಿಸಿದ್ದೆ."

ಪೂರಾ ಹೇಳಿದೆ. ಸೆರಗಿನ ಗಂಟು, ಒಳಕಲ್ಲು, ಪದಕ, ಸುಳ್ಳು. ಗಿರಣಿ ನಿಂತಿತ್ತೋ ಓಡುತ್ತಿತ್ತೋ ನೆನಪಿಲ್ಲ. ಅಕ್ಕ ಕೇಳಿದ್ದು ಒಂದೇ.

"ಒಳಕಲ್ಲಿನ ಗುಂಡಲ್ಲಿ ಜಜ್ಜಿದ್ಯಾ?"

"ಹೂಂ."

"ಅಮ್ಮ ದಿನಾ ಕಣ್ಣಿಗೆ ಒತ್ಕೋತಿದ್ಲು ಅದನ್ನ." ಆಮೇಲೆ, "ನಾನು ಬಂದಾಗೆಲ್ಲ ನಿನ್ನ ಪದಕ ಚಂದ ಐತೆ, ಚಂದ ಐತೆ ಅಂತಿದ್ದೆ. ಕೇಳಿಸ್ಕೊಂಡು ಸುಮ್ನೆ ಕೂತಿದ್ದೆಯಲ್ಲ."

ಎದ್ದಳು. ಕರಡಿಗೆಯನ್ನು ಮೇಜಿನ ಮೇಲೆ, ಮಣಿಗಳ ತಟ್ಟೆಯಲ್ಲಿ ಇಟ್ಟಳು. ಚಪ್ಪಲಿ ಹಾಕಿಕೊಂಡಳು. ಊಟ ಮಾಡಲಿಲ್ಲ, ಡಬ್ಬ ಕೂಡ ತೆಗೆದುಕೊಂಡು ಹೋಗಲಿಲ್ಲ.


ಏಪ್ರಿಲ್ 1

ಹೋಳಿಗೆ ತಾಯಮ್ಮನಿಗೆ ಕೊಟ್ಟೆ. "ಯಾಕವ್ವಾ, ನೀ ತಿನ್ನಲ್ಲೇನು? ಮೊಟ್ಟಿ ರುಚಿ ಹತ್ತಿತೇನು?" ಅಂದಳು. ನಗಲು ನೋಡಿದೆ.


ಏಪ್ರಿಲ್ 6, ಭಾನುವಾರ

ಎಂಟು ಗಂಟೆ. ಎಂಟೂ ಕಾಲು. ಒಂಬತ್ತು.


ಏಪ್ರಿಲ್ 8, ಮಂಗಳವಾರ

ಬಿಂದು ಫೋನು ಮಾಡಿದಳು. "ಚಿಕ್ಕಮ್ಮ, ಅಮ್ಮ ಅಂಗಡಿಯಿಂದ ರೆಡಿಮೇಡ್ ಕರಡಿಗೆ ತರ್ತೀನಿ ಅಂತಾಳೆ. ನೀ ಮಾಡಿದ್ದು ಏನಾಯ್ತು?"

ಸರಿ ಬರಲಿಲ್ಲ ಪುಟ್ಟಾ — ಇಷ್ಟು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನುಂಗಿಕೊಂಡೆ. "ಮಾಡಿದೀನಿ. ಇಲ್ಲೇ ಇದೆ. ನಾನೊಂದು ತಪ್ಪು ಮಾಡಿದ್ದೆ, ಅಮ್ಮಂಗೆ ಸಿಟ್ಟು ಬಂದಿದೆ. ಸಿಟ್ಟು ನ್ಯಾಯವಾಗೇ ಇದೆ."

"ಮದುವೆಗೆ ಬರ್ತೀಯಲ್ಲ?"

"ಅಮ್ಮ ಕರೆದ್ರೆ."

"ನಾನೇ ಕರೀತಿದೀನಲ್ಲ!" ಅಂತ ಅಳುವ ದನಿ. ಫೋನು ಇಟ್ಟುಬಿಟ್ಟೆ.

ಕರಡಿಗೆ ಇನ್ನೂ ಮಣಿಗಳ ತಟ್ಟೆಯಲ್ಲೇ ಇದೆ. ಅವಳು ಇಟ್ಟ ಜಾಗ, ಮುಟ್ಟಬಾರದು ಅಂದುಕೊಂಡಿದ್ದೆ. ಆದರೆ ಗಿರಣಿ ಓಡಿದಾಗ ಅದೂ ಮಣಿಗಳ ಜೊತೆ ಕೂದಲೆಳೆಯಷ್ಟು ಸರಿಯುತ್ತದೆ. ವಾರದಲ್ಲಿ ನಾಲ್ಕು ಬೆರಳು ಬಂದಿದೆ. ನನ್ನ ಕಡೆಗಲ್ಲ, ಬಾಗಿಲ ಕಡೆಗೆ.


ಏಪ್ರಿಲ್ 12, ಶನಿವಾರ

ಕೆಲಸ ಇಲ್ಲ. ಮೂನ್‌ಸ್ಟೋನ್ ಹತ್ತಿಯಿಂದ ತೆಗೆದು ಕಿಟಕಿಯಲ್ಲಿ ಇಟ್ಟುಕೊಂಡು ನೋಡಿದೆ. ಅದರೊಳಗಿನ ಬೆಳಕು ನಾನು ತಲೆ ಆಡಿಸಿದ ಕಡೆಗೆ ಓಡುತ್ತದೆ. ಸಂಜೆಯವರೆಗೆ ತಲೆ ಆಡಿಸಿದೆ.

ಒಂದು ಮಾತು ಮಾತ್ರ ನಿಜ. ಹೇಳಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಅಕ್ಕ ಇಲ್ಲದ್ದಕ್ಕೆ ಸಂಕಟ ಇದೆ. ಎರಡೂ ಒಟ್ಟಿಗೆ ಇರುತ್ತವೆ ಅಂತ ಗೊತ್ತಿರಲಿಲ್ಲ.


ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ 11:40

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಹಾಲು ಒಲೆಯ ಮೇಲಿದೆ. ಬರೆಯದಿದ್ದರೆ ಕನಸು ಅಂದುಕೊಂಡುಬಿಡುತ್ತೇನೆ.

ಅಕ್ಕ ಬಂದಿದ್ದಾಳೆ. ಹತ್ತರ ಬಸ್ಸಿಗೆ. ಮೂರು ದಿನಕ್ಕೆ ದೀಕ್ಷೆ, ಐದು ದಿನಕ್ಕೆ ಮದುವೆ, ಮನೆ ತುಂಬ ನೆಂಟರು. ಎಲ್ಲ ಬಿಟ್ಟು ಬಂದಿದ್ದಾಳೆ. ಒಳಗೆ ಬಂದವಳೇ ಬ್ಯಾಗಿನಿಂದ ಕಾಲ್ಗೆಜ್ಜೆ ತೆಗೆದು ಮೇಜಿನ ಮೇಲೆ ಹಾಕಿದಳು. ಅವಳ ಮದುವೆಗೆ ಅಮ್ಮ ಮಾಡಿಸಿಕೊಟ್ಟದ್ದು.

"ಕರಗಿಸು."

"ಅಕ್ಕ—"

"ನನ್ನೆದುರಿಗೆ ಕರಗಿಸು. ಅದು ಹೆಂಗೆ ನೀರಾತು ಅಂತ ನಾ ನೋಡ್ಬೇಕು. ಮಣ್ಣು ಕೊಡೋವಾಗ್ಲೂ ನನ್ನನ್ನ ಹಿಂದೆ ನಿಲ್ಸಿದ್ರು. ಇದನ್ನೂ ನೀನೊಬ್ಳೇ ನೋಡಿದೀಯ."

ಒಂದು ಸಾಕು, ಇನ್ನೊಂದು ಇಟ್ಟುಕೋ ಅಂದೆ. "ಒಂದೇ ಕಾಲಿಗೆ ಹಾಕ್ಕೊಂಡು ಮದುವೆ ಮನೇಲಿ ಕುಂಟ್ಲಾ? ಎರಡೂ ಹಾಕು."

ಕಿಟಕಿ ಮುಚ್ಚಿದೆ. ಬಾಗಿಲು ಅವಳೇ ಮುಚ್ಚಿದಳು. ಬಿಳಿಗಾರ ಅವಳ ಕೈಯಿಂದಲೇ ಹಾಕಿಸಿದೆ. ಕತ್ತಲಲ್ಲಿ ಇಬ್ಬರೂ ಮೂಸೆಯ ಮೇಲೆ ಬಗ್ಗಿ ಕೂತೆವು. ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಕಪ್ಪಾಯಿತು, ಕೆಂಪಾಯಿತು. ಗೆಜ್ಜೆಯ ಕಾಳುಗಳು ಒಂದೊಂದಾಗಿ ಕೂತವು. ಆಮೇಲೆ ಒಮ್ಮೆಗೇ ಗುಂಡು.

"ಅಯ್ಯೋ" ಅಂದಳು ಅಕ್ಕ. ಪಿಸುದನಿಯಲ್ಲಿ.

ಆಮೇಲೆ ಕೇಳಿದಳು. "ಅಮ್ಮಂದೂ ಹಿಂಗೇ ಆತಾ?"

"ಹಿಂಗೇ."

"ಆವತ್ತು ಅಳು ಬಂತಾ ನಿಂಗೆ?"

ಸುಳ್ಳು ಹೇಳಲು ಎಷ್ಟು ಒಳ್ಳೆಯ ಜಾಗ ಅದು. "ಇಲ್ಲ ಅಕ್ಕ. ಖುಷಿಯಾಗಿತ್ತು. ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ."

ಅಕ್ಕ ಉರಿಯಿಂದ ಕಣ್ಣು ತೆಗೆಯಲಿಲ್ಲ. ಗುಂಡು ನಡುಗುತ್ತಿತ್ತು, ಅದರಲ್ಲಿ ನಮ್ಮಿಬ್ಬರ ಮುಖವೂ ಇತ್ತು, ಕಡಲೆಕಾಳಿನಷ್ಟು. "ಚಂದ ಐತೆ" ಅಂದಳು. "ಅದಕ್ಕೇ ಸಿಟ್ಟು ನಿನ್ ಮೇಲೆ. ನನ್ನ ಕರೀಲಿಲ್ಲ ನೀನು."

ಅಷ್ಟೇ. ಕ್ಷಮಿಸಿದೆ ಅಂತ ಹೇಳಲಿಲ್ಲ. ಅಚ್ಚಿಗೆ ಹೊಯ್ಯಲು ಇಕ್ಕಳ ಎತ್ತಿದಾಗ ಹುಷಾರೇ ಅಂದಳು. ಕಿಟಕಿ ತೆರೆದಾಗ ನೋಡಿದೆ. ತಟ್ಟೆಯಲ್ಲಿ ಮಣಿಗಳು ಮಾತ್ರ ಇದ್ದವು. ಕರಡಿಗೆ ಅವಳ ಸೆರಗಿನ ತುದಿಯಲ್ಲಿ, ಗಂಟಿನೊಳಗೆ. ಯಾವಾಗ ಕಟ್ಟಿಕೊಂಡಳೋ.

"ಆ ಕಲ್ಲು ಎಲ್ಲೈತೆ? ನಿನ್ನ ಪದಕದ್ದು."

ತೋರಿಸಿದೆ.

"ಇದರಲ್ಲಿ ಕೂರ್ಸು. ಹುಡುಗಿ ಚಿಕ್ಕಮ್ಮ ಖಾಲಿ ಕೊರಳಲ್ಲಿ ಮದುವೆ ಮನೆಗೆ ಬರ್ತಾಳಾ?"

"ಐದು ದಿನಕ್ಕೆ ಆಗಲ್ಲ ಅಕ್ಕ. ಬಡೀಬೇಕು, ಹತ್ತು ಏಟಿಗೊಂದು ಸಲ ಕಾಯಿಸಬೇಕು, ಎಣಿಸಬೇಕು..."

"ನೀ ಎಣಿಸು. ನಾ ಬಡೀತೀನಿ. ಮೊದ್ಲು ಕಾಫಿ ಇಡು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಹಾಲು ಉಕ್ಕಲು ಬಂತು. ಒಳಗೆ ಏನೋ ಬಿದ್ದ ಸದ್ದು. ಕಾಯುವವಳಲ್ಲ ಅವಳು, ಸುತ್ತಿಗೆ ತೆಗೆದಿರಬೇಕು. ಹಿಡಿಯಲು ಕೂಡ ಬರುವುದಿಲ್ಲ ಅವಳಿಗೆ. ಟಣ್. ಒಂದು. ಟಣ್. ಎರಡು, ಅಯ್ಯೋ ಬೆರಳು ಜಜ್ಜಿಕೊಳ್ಳುತ್ತಾಳೆ... ಟಣ್. ಮೂ—